ಐದು ಸೆಕೆಂಡಿನ ಬಾಗಿಲು

ತಂಗಿ ಮದುವೆಯಾಗಿ ಕನಕಪುರಕ್ಕೆ ಹೊರಟಾಗ ತನ್ನ ಅಂಗೈಯಗಲದ ವಿಡಿಯೊ ಗೇಮನ್ನು ನನ್ನ ಕೈಗಿಟ್ಟಳು. "ಒಬ್ಳೇ ಇರ್ತೀಯ, ಒಸಿ ಹೊತ್ತು ಹೋಯ್ತದೆ, ಇಟ್ಕೊ ಕಣಕ್ಕ" ಅಂದಳು. ನನಗೆ ಸಿಟ್ಟೇ ಬಂತು. ಹೊತ್ತು ಹೋಗದೆ ಕೂತವಳೇ ನಾನು?

ಅದರ ತುಂಬ ಐದೈದು ಸೆಕೆಂಡಿನ ತಿಕ್ಕಲು ಆಟಗಳು: ಮೂಗಿನ ಕೂದಲು ಕೀಳು, ಮಲಗಿದ ಬೆಕ್ಕನ್ನು ಎಬ್ಬಿಸು. ರೇಷ್ಮೆ ನೂಲು ತೆಗೆಯುವ ಬಿಸಿನೀರಲ್ಲಿ ಬೆಂದು ದಡ್ಡುಗಟ್ಟಿದ ನನ್ನ ಬೆರಳನ್ನು ಆ ಪರದೆ ಎರಡು ಸಲ ಒತ್ತಿದರೇ ಗುರುತಿಸುತ್ತಿತ್ತು.

ಒಂದು ಆಟ ಮಾತ್ರ ಹಿಡಿಸಿತು. ಯಾರೋ ಬಾಗಿಲು ಬಡಿಯುತ್ತಾರೆ, ಮುಟ್ಟಿದರೆ ತೆರೆಯುತ್ತದೆ. ಒಮ್ಮೆ ಅಜ್ಜಿ, ಒಮ್ಮೆ ಕರಡಿ. ಯಾರಾದರೇನು, ಬರುತ್ತಿದ್ದರಲ್ಲ.

ತಂಗಿ ಇದ್ದಾಗ ನಮ್ಮ ರಾಮನಗರದ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಜನ ಕೂಗುತ್ತಲೇ ಒಳಗೆ ಬರುತ್ತಿದ್ದರು. ಈಗ ಮುಚ್ಚಿರುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅದೇ ಆಟ ಆಡುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಪರದೆ ಮುಟ್ಟಿದೆ. ಮತ್ತೆ ಸದ್ದು. ಹಾಳು ಬೆರಳು ಎಂದು ಬೈದುಕೊಂಡು ಇನ್ನೂ ಗಟ್ಟಿಯಾಗಿ ಒತ್ತಿದೆ. ಆಗ ಪಕ್ಕದ ಮನೆಯವಳು ನನ್ನ ಬಾಗಿಲ ಹೊರಗೆ ನಿಂತು ತನ್ನ ಮಗಳಿಗೆ ಹೇಳಿದ್ದು ಕೇಳಿಸಿತು:

"ಒಳ್ಗೆ ಯಾರೂ ಇಲ್ಲ ಕಣಮ್ಮಿ, ಬಾ."