ಅತ್ತೆ ಮತ್ತು ಆರನೇ ಬಾಗಿಲು

“ಅಣ್ಣ, ಬಾಗಿಲು ತೆಗೆಯೋದು ಹೇಳ್ಕೊಡ್ತೀನಿ. ಮೊದ್ಲು ಇದು ಯಾವ ಸಿನಿಮಾ ಹೇಳಿ” ಎಂದು ಆನ್‌ಲೈನ್ ಗುಂಪಿನಲ್ಲಿ ಅಪರಿಚಿತನೊಬ್ಬ ಬರೆದ. ವಿಡಿಯೊ ಗೇಮ್‌ನ ಆರನೇ ಬಾಗಿಲು ನಾಲ್ಕು ದಿನದಿಂದ ತೆರೆಯದೆ ನಾನು ಅಲ್ಲಿ ಸಹಾಯ ಕೇಳಿದ್ದೆ. ಅವನು ಕಳಿಸಿದ ಕಪ್ಪು-ಬಿಳುಪು ಚಿತ್ರವನ್ನು, ವಿಜಯನಗರದ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ತೋರಿಸಿದೆ. ಸಿನಿಮಾದ ಹೆಸರು, ನೋಡಿದ ಟಾಕೀಸು, ಕೊನೆಯಲ್ಲಿ ಯಾರು ಯಾರು ಸಾಯುತ್ತಾರೆ, ಎಲ್ಲವನ್ನೂ ಹೇಳಿದರು. ಇದೆಲ್ಲ ನಮ್ಮ ಅತ್ತೆ ಹೇಳಿದ್ದು ಎಂದೇ ಗುಂಪಿನಲ್ಲಿ ಟೈಪಿಸಿದೆ.

ಹಳೇ ಸಿನಿಮಾಗಳ ಬಗ್ಗೆ ಪ್ರಶ್ನೆಗಳು ಸಾಲುಗಟ್ಟಿದವು. ಅತ್ತೆ ಹೇಳುತ್ತ ಹೋದರು, ನಾನು ಗುಮಾಸ್ತನಂತೆ ಬರೆಯುತ್ತ ಹೋದೆ. ನಡುವೆ ನಾನು ಬಾಗಿಲಿನ ಮಾತೆತ್ತಿದ್ದಕ್ಕೆ ಆ ಅಪರಿಚಿತ, “ಇರಿ ಅಣ್ಣ, ಆಂಟಿ ಹೇಳ್ತಾ ಇದಾರೆ” ಎಂದ!

ಈಗ ಅತ್ತೆಯೇ ಆ ಗುಂಪಿನ ಅಡ್ಮಿನ್. ಬಾಗಿಲು ಇನ್ನೂ ತೆರೆದಿಲ್ಲ. ಸಹಾಯ ಕೇಳಿ ಮತ್ತೆ ಹಾಕಿದ ನನ್ನ ಪೋಸ್ಟ್ ಅವರ ಒಪ್ಪಿಗೆಗೆ ಕಾಯುತ್ತಿದೆ. “ನೋಡೋಣ ಅಳಿಯಂದ್ರೇ, ಮೊದ್ಲು ಈ ಅವರೆಕಾಯಿ ಸುಲೀರಿ” ಎಂದಿದ್ದಾರೆ.