ಬರೋ ದಾರಿ ಐನೂರ ಹನ್ನೆರಡು

ಬ್ರಷ್ಷಣ್ಣ ಅಂದ್ರೆ ವಿಮಾನ ನಿಲ್ದಾಣದಲ್ಲಿ ಬೋರ್ಡು ಬರೆಯೋನು. ದಿನಕ್ಕೆ ಒಂದೇ ವಿಮಾನ ಇರೋ ಪುಟಾಣಿ ನಿಲ್ದಾಣ ಅದು, ಆದ್ರೆ ಬೋರ್ಡಿಗೆ ಬರ ಇಲ್ಲ. ಅವನು ಎಂಟು ಬರೆದ್ರೆ ಬಿಂದಿಗೆ ಮೇಲೆ ಚೆಂಬು ಕೂರಿಸಿದ ಹಾಗೆ. ಬಾಗಿಲ ಮೇಲೆ 'ತಳ್ಳಿ' ಅಂತ ಬರೆದ್ರೆ ಬಾಗಿಲು ತಾನೇ ಹಿಂದಕ್ಕೆ ಸರೀತಿತ್ತು. ಸುಳ್ಳಲ್ಲ, ತಳ್ಳೋಕೆ ಹೋಗಿ ಮುಗ್ಗರಿಸಿ ಮೂಗಿಗೆ ಪೆಟ್ಟು ತಿಂದೋರು ಇನ್ನೂ ಇದ್ದಾರೆ.

ಒಂದಿನ ಮ್ಯಾನೇಜರ್ ಹೊಸ ಬೋರ್ಡಿಗೆ ಬರೆಯೋಕೆ ಚೀಟಿ ಕೊಟ್ರು. ಆ ಕಡೆ ನಿಲ್ದಾಣಕ್ಕೆ ಹೋಗೋದು ನಾನೂರು ಕಿಲೋಮೀಟರ್, ಐವತ್ತು ನಿಮಿಷ. ಬರೋದು ನಾನೂರು ಕಿಲೋಮೀಟರ್, ಅರವತ್ತನಾಲ್ಕು ನಿಮಿಷ. ಬ್ರಷ್ಷಣ್ಣ ಏಣಿ ಮೇಲೇ ಕೂತು ತಲೆ ಕೆರ್ಕೊಂಡ. ಅದೇ ವಿಮಾನ, ಅದೇ ಇಂಜಿನ್ನು, ನಿಮಿಷಕ್ಕೆ ಎಂಟು ಕಿಲೋಮೀಟರ್. ಹಾಗಾದ್ರೆ ಬರೋ ದಾರಿ ಐನೂರ ಹನ್ನೆರಡು! ಪಾಪ, ಮ್ಯಾನೇಜರ್ ಕೈ ತಪ್ಪಿರಬೇಕು ಅಂತ ತಾನೇ ತಿದ್ದಿ ಬರೆದುಬಿಟ್ಟ.

ಮ್ಯಾನೇಜರ್ ಕೆಂಡಾಮಂಡಲ. "ನಾಳೆ ವಿಮಾನ ಇಳಿಯೋದ್ರೊಳಗೆ ಅಳಿಸು. ಇಲ್ಲಾಂದ್ರೆ ಡಬ್ಬ, ಬ್ರಷ್ಷು ಇಲ್ಲಿಟ್ಟು ಮನೆಗೆ ನಡಿ!"

ಇಪ್ಪತ್ತೆಂಟು ವರ್ಷದ ಕೆಲಸ. ಮನೇಲಿ ಹೆಂಡ್ತಿ ಹತ್ರ ಗೋಳಾಡಿದ.

"ನೀವು ಬರೆದಿದ್ದೇ ಸರಿ ಕಣ್ರೀ," ಅಂದ್ಲು ಅವಳು, ಬಟ್ಟೆ ಮಡಚ್ತಾ. "ತವರಿಗೆ ಹೋಗೋವಾಗ ಮಾರು ದೂರ, ವಾಪಸ್ ಬರೋವಾಗ ಹರದಾರಿ. ನನ್ ಕಾಲನ್ನ ಕೇಳಿ."

ಇನ್ನೇನು ಬೇಕು? ಅಳಿಸಲಿಲ್ಲ.

ಮರುದಿನ ವಿಮಾನ ಇಳೀತು. ಮ್ಯಾನೇಜರ್ ಪೈಲಟಮ್ಮನ್ನೇ ಬೋರ್ಡಿನ ಕೆಳಗೆ ಕರ್ಕೊಂಡು ಬಂದ್ರು. "ಈ ಮಹಾನುಭಾವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ."

"ದೂರ ಒಂದೇ ಅಣ್ಣ," ಅಂದ್ರು ಪೈಲಟಮ್ಮ. "ಬೆಳಿಗ್ಗೆ ಹೋಗೋವಾಗ ಗಾಳಿ ಇರಲ್ಲ. ಸಂಜೆ ಬರೋವಾಗ ಎದುರಿಗೇ ಬೀಸುತ್ತೆ, ಅದಕ್ಕೇ ಹೊತ್ತಾಗೋದು."

"ಆ ಹೊತ್ತಲ್ಲಿ ವಿಮಾನ ಸುಮ್ನೆ ಕೂತಿರುತ್ತಾ ತಾಯಿ?"

"ಎಲ್ಲಿ ಕೂರುತ್ತೆ? ಹಾರ್ತಾನೇ ಇರುತ್ತೆ. ನೆಲದ ಲೆಕ್ಕದಲ್ಲಿ ನಾನೂರು, ಗಾಳಿ ಲೆಕ್ಕದಲ್ಲಿ..." ಬೆರಳು ಮಡಚಿ ಎಣಿಸಿದ್ರು. "ಅಯ್ಯೋ, ಐನೂರ ಹನ್ನೆರಡೇ!"

"ನಿಮ್ ವಿಮಾನ ಹೋಗೋದು ನೆಲದ ಮೇಲಾ, ಗಾಳೀಲಾ?"

ಮ್ಯಾನೇಜರ್ ಕೊನೇ ಅಸ್ತ್ರ ತೆಗೆದ್ರು. "ಗಾಳಿ ದಿನಾ ಒಂದೇ ಥರ ಬೀಸುತ್ತೇನಯ್ಯಾ? ಹಾಗಾದ್ರೆ ದಿನಾ ಬೇರೆ ಅಂಕಿ ಬರೀಬೇಕಾಗುತ್ತೆ!"

"ಬರೀತೀನಿ ಸಾರ್."

ಹೀಗೆ, ಹೋಗ್ಬೇಕಾಗಿದ್ದ ಕೆಲಸ ಒಂದಕ್ಕೆ ಹತ್ತಾಗಿ ಉಳೀತು. ದಿನಾ ಬೆಳಿಗ್ಗೆ ಒದ್ದೆ ಬೆರಳೆತ್ತಿ ಗಾಳಿ ನೋಡೋದು, ಏಣಿ ಹತ್ತೋದು, ಬರೆಯೋದು. ಬಿರುಗಾಳಿ ದಿನ ಒಂಬೈನೂರು ಅಂತ ಬರೆದಾಗ ಒಬ್ಬ ಅಜ್ಜಿ ಮನೆಯಿಂದ ಹಾಸಿಗೇನೇ ತರಿಸ್ಕೊಂಡ್ರು. ಇನ್ನೊಂದಿನ ಗಾಳಿ ಬೆನ್ನಿಗೆ ಎಷ್ಟು ಜೋರಾಗಿ ಬಿತ್ತು ಅಂದ್ರೆ, ಹೋಗೋ ದೂರ ಮೂರೇ ಕಿಲೋಮೀಟರ್ ಅಂತ ಬರೆದ. ಪ್ರಯಾಣಿಕರು ಓದಿದ್ರು. "ಇಷ್ಟಕ್ಕೆಲ್ಲಾ ವಿಮಾನ ಯಾಕ್ರೀ?" ಅಂತ ಸೂಟ್‌ಕೇಸ್ ಹೆಗಲಿಗೇರಿಸಿ ನಡ್ಕೊಂಡೇ ಹೊರಟ್ರು. ಹಿಂದೆ ಪೈಲಟಮ್ಮ.

ಮ್ಯಾನೇಜರ್ ತಲೆ ಮೇಲೆ ಕೈ ಇಟ್ರು. "ಇವ್ರೆಲ್ಲ ವಾಪಸ್ ಬರೋದು ಯಾವಾಗಯ್ಯಾ?"

ಬ್ರಷ್ಷಣ್ಣ ಬೆರಳು ಒದ್ದೆ ಮಾಡ್ಕೊಂಡು ಮೇಲೆತ್ತಿದ. "ತಡ ಆಗುತ್ತೆ ಸಾರ್. ಎದುರುಗಾಳಿ."