ಅತ್ತೆಯ ಬೆನ್ನು, ಮೈದುನನ ತಿರುವು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಷಟರಿನ ಒಳಗೆ ಹೆಂಗಸೊಬ್ಬರು ದಪ್ಪನೆಯ ಹಳದಿ ಉಂಗುರವೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ. “ಮುಂದಿನ ಚಕ್ರಕ್ಕೆ ಇದು ಸರಿ.” ಕಪ್ಪು ಉಂಗುರವನ್ನು ಒತ್ತಿ ಪಕ್ಕಕ್ಕೆ ತಳ್ಳುತ್ತಾರೆ. “ಇದು ಕಲ್ಲು. ಹಾಕಿದ್ರೆ ನಮ್ಮತ್ತೆ ಮನೆ ಬಿಟ್ಟು ಹೋಗ್ತಾರೆ!”

ಗ್ಯಾರೇಜಿನಲ್ಲಿ ಇವರು ಎಲ್ಲರಿಗೂ ‘ಅತ್ತಿಗೆ’. ಮೈದುನ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಶುರು ಹಚ್ಚಿಕೊಂಡರು. ಈಗ ತಲೆ ನರೆತವರೂ ಬಾಗಿಲಲ್ಲಿ ನಿಂತು, “ಅತ್ತಿಗೆ, ಕಾರು ಕಟಕಟ ಅಂತಿದೆ” ಎನ್ನುತ್ತಾರೆ. ಅತ್ತಿಗೆಯ ಕೆಲಸ ಬುಷ್ ಬದಲಿಸುವುದು. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳುಗಳ ಕೀಲಿನಲ್ಲಿ, ಲೋಹಕ್ಕೆ ಲೋಹ ತಾಗದಂತೆ ಕೂರುವ ಮೆತ್ತೆ ಅದು. ಕಾರಿನ ಜೊತೆ ಬರುವುದು ರಬ್ಬರಿನದು. ವೇಗದ ಹುಚ್ಚಿನವರು ಅದನ್ನು ಕೀಳಿಸಿ ಗಟ್ಟಿ ಪಾಲಿಯುರೆಥೇನ್ ಹಾಕಿಸುತ್ತಾರೆ. ಆಗ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ಹೇಳಿದ ಮಾತು ಕೇಳುತ್ತದೆ.

ಮದುವೆಯಾಗಿ ಬಂದಾಗ ಇವರಿಗೆ ಸ್ಪ್ಯಾನರಿನ ಗುರುತೂ ಇರಲಿಲ್ಲ. ಭುಜ ಹಿಡಿದುಕೊಂಡು ಗಂಡನಿಗೆ ಕೈ ಎತ್ತಲಾಗದಂತಾದ ವರ್ಷ, ಬುಷ್ ಒತ್ತಿ ತೆಗೆಯುವ, ಕೂರಿಸುವ ಪ್ರೆಸ್ಸಿನ ಹಿಡಿಕೆ ಇವರ ಕೈಗೆ ಬಂತು. ತುಕ್ಕು ಹಿಡಿದ ತೋಳಿನಿಂದ ಹಳೆ ಬುಷ್ ಜಪ್ಪಯ್ಯ ಅಂದರೂ ಹೊರಬಾರದು. “ಮೊದಮೊದಲು ರಾತ್ರಿ ತಟ್ಟೆ ಎತ್ತೋಕೂ ಕೈ ಬರ್ತಿರಲಿಲ್ಲ” ಎನ್ನುವ ಅತ್ತಿಗೆ ಈಗ ದಿನಕ್ಕೆ ಮೂರು ನಾಲ್ಕು ಕಾರು ಮುಗಿಸುತ್ತಾರೆ.

ಇವತ್ತು ಪ್ರೆಸ್ಸಿನ ಮೇಲಿರುವುದು ಮನೆಯ ಕಾರಿನದೇ ತೋಳು. ವಾರವಿಡೀ ಆ ಕಾರು ಬೆನ್ನುನೋವಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತದೆ. ರಜೆ ಬಂತೆಂದರೆ ಮೈದುನನ ರೇಸಿನ ಕಾರು. ಹೋದ ತಿಂಗಳು ಅವನ ಹಟಕ್ಕೆ ಎಲ್ಲ ಕಡೆಯೂ ಕಪ್ಪು ಬುಷ್ ಕೂರಿಸಿದ್ದರು. ಅತ್ತೆ ಅರ್ಧ ದಾರಿಯಲ್ಲೇ ಇಳಿದು ಬಸ್ಸು ಹತ್ತಿದರು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: “ಇನ್ನೊಂದು ಸಲ ನನ್ನ ಬೆನ್ನು ಹಿಡೀಲಿ, ಕಾರು ಮಾರಿಬಿಡ್ತೀನಿ.” ಕಾರು ಇರುವುದು ಅವರ ಹೆಸರಿನಲ್ಲಿ. ರೇಸು ನಾಳಿದ್ದು.

“ಮೆತ್ತಗಿದ್ರೆ ತಿರುವಲ್ಲಿ ಕಾರು ಜೋಲಿ ಹೊಡೆಯುತ್ತೆ ಅತ್ತಿಗೆ,” ಮೈದುನನ ಗೋಳು.

“ಕಾರೇ ಇಲ್ಲದಿದ್ರೆ ಜೋಲಿ ಹೊಡೆಯೋದು ಯಾವುದು? ಗ್ರೀಸ್ ಡಬ್ಬಿ ಕೊಡು.”

ಮುಂದಕ್ಕೆ ಹಳದಿ, ಮಧ್ಯಮ ಗಟ್ಟಿಯದು. ಹಿಂದಕ್ಕೆ ಹೊಸ ರಬ್ಬರ್. “ಹಿಂದಿನ ತೋಳು ಮೇಲೆ ಕೆಳಗೆ ಆಡಿದ್ರೆ ಸಾಲದು, ಒಂಚೂರು ಪಕ್ಕಕ್ಕೂ ಹೊರಳಬೇಕು. ಅಲ್ಲಿ ಗಟ್ಟಿದು ತುರುಕಿದ್ರೆ ಪಾಪ, ಹೇಗೆ ಹೊರಳುತ್ತೆ?” ಮೈದುನ ಮುಖ ಊದಿಸಿಕೊಂಡೇ ಹಳದಿ ಬುಷ್‌ಗೆ ಗ್ರೀಸ್ ಹಚ್ಚುತ್ತಾನೆ. ಹಚ್ಚದಿದ್ದರೆ ಅದು ಕಿರುಗುಟ್ಟಿ ಮಾನ ಕಳೆಯುತ್ತದೆ.

ಬಿಸಿಲೇರುವ ಹೊತ್ತಿಗೆ ಪರೀಕ್ಷೆ. ಅತ್ತೆ ದಿಂಬಿನ ಸಮೇತ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. “ನೀವೂ ಬನ್ನಿ” ಎಂದು ಮೈದುನ ಕರೆದರೆ, “ಬೇಡಪ್ಪ, ಬೈಗುಳ ಹತ್ತಿರದಿಂದ ಕೇಳಬೇಕಾ?” ಎಂದು ಅತ್ತಿಗೆ ಬಾಗಿಲಲ್ಲೇ ನಿಲ್ಲುತ್ತಾರೆ. ಕಾರು ರಸ್ತೆಯುಬ್ಬು ದಾಟಿ ತಿರುವಿನಲ್ಲಿ ಮರೆಯಾಗುತ್ತದೆ. ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಒರೆಸಿದ ಕೈಯನ್ನೇ ಅತ್ತಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ.

ಕೊನೆಗೂ ಬಂದು ನಿಂತ ಕಾರಿನಿಂದ ಮೈದುನ ಹಲ್ಲು ಕಿರಿಯುತ್ತಾ ಇಳಿಯುತ್ತಾನೆ. “ಒಂದೇ ಸುತ್ತಿಗೆ ವಾಪಸ್ ಬರ್ತಿದ್ದೆ ಅತ್ತಿಗೆ. ಆ ತಿರುವಲ್ಲಿ ಇನ್ನೊಂದ್ಸಲ, ಸ್ವಲ್ಪ ಜೋರಾಗಿ ಹೋಗು ಅಂದಿದ್ದು ಅಮ್ಮನೇ!”

ಹಿಂದಿನ ಕಿಟಕಿಯಿಂದ ದಿಂಬು ಹೊರಬರುತ್ತದೆ. “ತಗೋ, ಇದು ಬೇಡ. ಕೈ ಒರೆಸ್ಕೊಂಡು ಹಿಡಿಯೇ, ಗ್ರೀಸ್ ಹತ್ತುತ್ತೆ!”

ಇಷ್ಟು ವರ್ಷ ಎಷ್ಟೋ ರೇಸಿನ ಕಾರುಗಳಿಗೆ ಬುಷ್ ಹಾಕಿದ ಅತ್ತಿಗೆ ಒಂದು ರೇಸನ್ನೂ ನೋಡಿಲ್ಲ. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ನಗುತ್ತಾರೆ. “ನಾಳಿದ್ದು ರೇಸಿಗೆ ನಾನೂ ಬರ್ತೀನಿ. ಅಲ್ಲಿ ನೋಡೋರು ಕೂರೋ ಕಟ್ಟೆ ಗಟ್ಟಿ ಇರುತ್ತಂತೆ, ಇದರ ಮೇಲೇ ಕೂತು ನೋಡ್ತೀನಿ.”